ಆ ಒಂದು ಹೈಡ್ರೋಜನ್ ಎಲ್ಲಿ ಕೂತಿದೆ?

ಥಾರ್ನ್‌ಕ್ಲಿಫ್ ಪಾರ್ಕಿನ ನಮ್ಮ ಅಪಾರ್ಟ್‌ಮೆಂಟಿನ ಅಡುಗೆಮನೆ ಕಪಾಟಿನಲ್ಲಿ ವಿಟಮಿನ್ ಬಿ6 ಮಾತ್ರೆಯ ಡಬ್ಬಿ ಇದೆ. ಲೇಬಲ್ ಮೇಲೆ ಸಣ್ಣ ಅಕ್ಷರದಲ್ಲಿ ‘ಪಿರಿಡಾಕ್ಸಿನ್ ಹೈಡ್ರೋಕ್ಲೋರೈಡ್’ ಅಂತ ಬರೆದಿದೆ. ಪಿರಿಡಾಕ್ಸಿನ್ ಅಂದರೆ ಬಿ6, ಸರಿ. ಈ ಹೈಡ್ರೋಕ್ಲೋರೈಡ್ ಯಾಕೆ? ರಸಾಯನಶಾಸ್ತ್ರ ಓದದ ಗೆಳೆಯರು ಕೇಳಿದ ಪ್ರಶ್ನೆ ಇದು. ಕನ್ನಡದಲ್ಲೇ ಉತ್ತರ ಹೇಳೋಕೆ ಕೂತಾಗ ಹುಟ್ಟಿದ ಪಾಠವನ್ನು ಇಲ್ಲಿ ಬರೆದಿದ್ದೇವೆ.

ಲವಣ ಆಗೋದು ಹೇಗೆ?

ಬೆಂಜೀನ್ ಉಂಗುರದ ಆರು ಇಂಗಾಲಗಳಲ್ಲಿ ಒಂದರ ಜಾಗಕ್ಕೆ ನೈಟ್ರೋಜನ್ ಬಂದರೆ ಅದು ಪಿರಿಡೀನ್. ಆ ನೈಟ್ರೋಜನ್ ಬಳಿ ಬಂಧಕ್ಕೆ ಸೇರದ ಒಂದು ಜೋಡಿ ಇಲೆಕ್ಟ್ರಾನ್ ಇದೆ. ಆಮ್ಲ ಎದುರಾದರೆ ಅದರ ಪ್ರೋಟಾನನ್ನು ಈ ಜೋಡಿ ಎಳೆದುಕೊಳ್ಳಬಹುದು. ಆಗ ಉಂಗುರ ಪಿರಿಡಿನಿಯಂ ಎಂಬ ಧನ ಅಯಾನು, ಆಮ್ಲದ ಉಳಿದ ಭಾಗ ಋಣ ಅಯಾನು. ಎರಡೂ ಸೇರಿ ಲವಣ.

ಎಲ್ಲ ಆಮ್ಲವೂ ಪ್ರೋಟಾನ್ ಬಿಟ್ಟುಕೊಡಲ್ಲ. ಪಿರಿಡಿನಿಯಂನ ಪಿಕೆಎ ಸುಮಾರು 5.2. ಇದರಿಂದ ಆಮ್ಲದ ಪಿಕೆಎ ಕಳೆಯಿರಿ. ವ್ಯತ್ಯಾಸ 4ಕ್ಕಿಂತ ಹೆಚ್ಚಿದ್ದರೆ ಸಾಮಾನ್ಯವಾಗಿ ಲವಣ. −1ಕ್ಕಿಂತ ಕಡಿಮೆ ಇದ್ದರೆ ಪ್ರೋಟಾನ್ ಆಮ್ಲದಲ್ಲೇ ಉಳಿದು ಸಹ-ಹರಳು. ಟ್ರೈಕ್ಲೋರೋ ಅಸೆಟಿಕ್ ಆಮ್ಲಕ್ಕೆ (0.7) ವ್ಯತ್ಯಾಸ 4.5, ಲವಣ ನಿರೀಕ್ಷಿಸಬಹುದು. ಬೆಂಜೋಯಿಕ್ ಆಮ್ಲಕ್ಕೆ (4.2) ಬರೀ 1.0. ಇಂಥ ಮಧ್ಯದ ಪ್ರಕರಣಗಳಲ್ಲಿ ಲೆಕ್ಕ ನಂಬಿ ಕೂರೋಕಾಗಲ್ಲ, ಹರಳನ್ನೇ ನೋಡಬೇಕು.

ಹರಳಿನೊಳಗೆ

ಹೈಡ್ರೋಜನ್ ಬಂಧದ ಈಗಿನ ವ್ಯಾಖ್ಯೆಗೆ ಬೆಂಗಳೂರಿನ ನಂಟಿದೆ. 2011ರಲ್ಲಿ ಐಯುಪ್ಯಾಕ್ ಪ್ರಕಟಿಸಿದ ವ್ಯಾಖ್ಯೆಯನ್ನು ರೂಪಿಸಿದ ತಂಡದ ಮುಖ್ಯಸ್ಥರು ಭಾರತೀಯ ವಿಜ್ಞಾನ ಸಂಸ್ಥೆಯ ಇ. ಅರುಣನ್. ತಂಡದಲ್ಲಿದ್ದ ಗೌತಮ್ ದೇಸಿರಾಜು, 1995ರಲ್ಲಿ ‘ಸುಪ್ರಾಮಾಲಿಕ್ಯುಲರ್ ಸಿಂಥಾನ್’ ಎಂಬ ಕಲ್ಪನೆ ಕೊಟ್ಟವರು: ಬೇರೆ ಬೇರೆ ಹರಳುಗಳಲ್ಲಿ ಮತ್ತೆ ಮತ್ತೆ ಕಾಣುವ ಜೋಡಣೆಯ ಮಾದರಿ ಅಂತ ತಿಳಿಯಿರಿ.

ಒಂದು ಮಾದರಿ ನೋಡೋಣ. ಪಿರಿಡೀನ್‌ನ ಎರಡನೇ ಸ್ಥಾನದಲ್ಲಿ ಅಮೈನೋ ಗುಂಪಿದ್ದು, ಎದುರಿಗೆ ಕಾರ್ಬಾಕ್ಸಿಲೇಟ್ ಇದೆ ಅಂತಿಟ್ಟುಕೊಳ್ಳಿ. ಉಂಗುರದ ಎನ್–ಎಚ್ ಒಂದು ಆಮ್ಲಜನಕವನ್ನು ಹಿಡಿಯುತ್ತೆ, ಅಮೈನೋದ ಎನ್–ಎಚ್ ಇನ್ನೊಂದನ್ನು. ಈಗ ಸುತ್ತಲಿನ ಪರಮಾಣುಗಳನ್ನು ಎಣಿಸಿ: ಹೈಡ್ರೋಜನ್, ನೈಟ್ರೋಜನ್, ಇಂಗಾಲ, ನೈಟ್ರೋಜನ್, ಹೈಡ್ರೋಜನ್, ಆಮ್ಲಜನಕ, ಇಂಗಾಲ, ಆಮ್ಲಜನಕ. ಎಂಟು ಪರಮಾಣುಗಳ ಹೊಸ ಉಂಗುರ! ಅಮೈನೋದಲ್ಲಿ ಉಳಿದ ಹೈಡ್ರೋಜನ್ ಪಕ್ಕದ ಜೋಡಿಗೆ ಕೈ ಕೊಟ್ಟರೆ ಸರಪಳಿ ಬೆಳೆಯುತ್ತೆ. ಇಲ್ಲಿ ಎರಡೂ ಕಡೆ ವಿದ್ಯುದಾವೇಶ ಇರುವುದರಿಂದ ಹಿಡಿತ ಇನ್ನೂ ಬಿಗಿ.

ಪತ್ತೆ ಹೇಗೆ?

ಎಕ್ಸ್‌-ಕಿರಣಗಳನ್ನು ಚದುರಿಸುವುದು ಇಲೆಕ್ಟ್ರಾನ್‌ಗಳು. ಹೈಡ್ರೋಜನ್ ಬಳಿ ಇರೋದು ಒಂದೇ, ಹಾಗಾಗಿ ಅದು ಮಸುಕಾಗಿ ಕಾಣುತ್ತೆ. ಅಕ್ಕಪಕ್ಕದವರನ್ನು ವಿಚಾರಿಸುವುದೇ ಉಪಾಯ. ಪಿರಿಡೀನ್‌ನಲ್ಲಿ ನೈಟ್ರೋಜನ್ ಬಳಿಯ ಕೋನ ಸುಮಾರು 117 ಡಿಗ್ರಿ. ಪ್ರೋಟಾನ್ ಬಂದು ಕೂತರೆ 120 ದಾಟುತ್ತೆ. ಆಮ್ಲದಲ್ಲಿ ಇಂಗಾಲ–ಆಮ್ಲಜನಕದ ಎರಡು ದೂರಗಳು ಸುಮಾರು 1.21 ಮತ್ತು 1.31 ಆಂಗ್‌ಸ್ಟ್ರಾಂ, ಪ್ರೋಟಾನ್ ಹೋದಮೇಲೆ ಎರಡೂ ಹೆಚ್ಚುಕಡಿಮೆ 1.25. ಇನ್ನೂ ಖಚಿತ ಬೇಕಾದರೆ ನ್ಯೂಟ್ರಾನ್ ಇದೆ, ಅದನ್ನು ಚದುರಿಸುವುದು ಪರಮಾಣುವಿನ ಬೀಜ. ನ್ಯೂಟ್ರಾನ್ ಚದುರಿಕೆಯ ಕೆಲಸಕ್ಕೆ 1994ರ ನೊಬೆಲ್ ಹಂಚಿಕೊಂಡ ಬರ್ಟ್ರಾಮ್ ಬ್ರಾಕ್‌ಹೌಸ್ ಪಾಠ ಹೇಳಿದ್ದು ಇಲ್ಲೇ ಹತ್ತಿರ, ಹ್ಯಾಮಿಲ್ಟನ್‌ನ ಮೆಕ್‌ಮಾಸ್ಟರ್‌ನಲ್ಲಿ.

ಮತ್ತೆ ಡಬ್ಬಿಗೆ

ಹೈಡ್ರೋಕ್ಲೋರಿಕ್ ಆಮ್ಲ ಪ್ರಬಲ. ಪ್ರೋಟಾನ್ ಪಿರಿಡಾಕ್ಸಿನ್‌ನ ನೈಟ್ರೋಜನ್ನಿಗೇ ಹೋಗುತ್ತೆ. ಹರಳಿನಲ್ಲಿ ಕ್ಲೋರೈಡನ್ನು ಹೈಡ್ರೋಜನ್ ಬಂಧಗಳು ಹಿಡಿದಿರುತ್ತವೆ. ನೀರಿಗೆ ಬಿದ್ದಾಗ ನೀರಿನ ಅಣುಗಳು ಆ ಜಾಗ ತುಂಬಿ ಅಯಾನುಗಳನ್ನು ಬಿಡಿಸಿಕೊಳ್ಳುತ್ತವೆ, ಲವಣ ಸಲೀಸಾಗಿ ಕರಗುತ್ತೆ. ಎಲ್ಲ ಲವಣವೂ ಹೀಗಲ್ಲ. ಹರಳಿನ ಹಿಡಿತ ಬಲವಾಗಿದ್ದರೆ ಕರಗುವುದು ಕಷ್ಟ. ತೂಕದ ಲೆಕ್ಕವೂ ಬೇರೆ: ಪಿರಿಡಾಕ್ಸಿನ್‌ನ ಅಣುತೂಕ 169.2, ಲವಣದ್ದು 205.6. ಅಂದರೆ 25 ಮಿಲಿಗ್ರಾಂ ಲವಣದಲ್ಲಿ ಪಿರಿಡಾಕ್ಸಿನ್ ಸುಮಾರು 20.6 ಮಿಲಿಗ್ರಾಂ ಮಾತ್ರ. ಯಾವ ರೂಪದ ತೂಕ ಅಂತ ನೋಡದಿದ್ದರೆ ಪ್ರಮಾಣವೇ ತಪ್ಪುತ್ತೆ.

ಅದೇ ಸಾಲಿನ ಬಿ3, ಅಂದರೆ ನಿಕೋಟಿನಿಕ್ ಆಮ್ಲದಲ್ಲಿ ಪಿರಿಡೀನ್ ಉಂಗುರವೂ ಆಮ್ಲವೂ ಒಂದೇ ಅಣುವಿನಲ್ಲಿವೆ. ಅದರ ಪಿಕೆಎಗಳು ಸುಮಾರು 2.1 ಮತ್ತು 4.8. ಹರಳಿನಲ್ಲಿ ಪ್ರೋಟಾನ್ ಎಲ್ಲಿರಬಹುದು? ಮೇಲಿನ ನಿಯಮ ಹಾಕಿ, ನಿಮ್ಮ ಊಹೆ ಬರೆದಿಟ್ಟುಕೊಂಡು ಮುಂದೆ ಓದಿ. ವ್ಯತ್ಯಾಸ 2.7, ಮಧ್ಯದ ವಲಯ. ಹರಳು ಕೊಡುವ ಉತ್ತರ: ಪ್ರೋಟಾನ್ ಆಮ್ಲದಲ್ಲೇ ಕೂತು, ಪಕ್ಕದ ಅಣುವಿನ ನೈಟ್ರೋಜನ್ ಕಡೆ ಕೈ ಚಾಚಿದೆ.