ವೋಲ್ಟ್ ಎಷ್ಟು ಎಂದು ಕೇಳಿದರೆ ಸಾಲದು: ಮನೆಯ ಬ್ಯಾಟರಿ ಹಾಗೂ ಧ್ವನಿ ಸಾಧನಗಳ ಸುರಕ್ಷತೆ ಕುರಿತು ಒಂದು ಪಾಠ

ತರಗತಿ: 7
ವಿಷಯ: ವಿಜ್ಞಾನ
ಘಟಕ: ವಿದ್ಯುತ್ ಪ್ರವಾಹ ಮತ್ತು ಅದರ ಪರಿಣಾಮಗಳು (ಪೂರಕ ಪಾಠ)
ಕಾಲ: 40 ನಿಮಿಷಗಳ ಎರಡು ಅವಧಿ

ಪಾಠದ ಅಗತ್ಯ

ವಿದ್ಯುತ್ ಘಟಕವನ್ನು ಬೋಧಿಸುವಾಗ ನಾವೆಲ್ಲರೂ ಮಕ್ಕಳಿಗೆ ಒಂದು ಎಚ್ಚರಿಕೆ ಹೇಳುತ್ತೇವೆ: ಪ್ರಯೋಗಗಳನ್ನು ಶುಷ್ಕಕೋಶದಿಂದಲೇ ಮಾಡಿ, ಗೋಡೆಯ ಪ್ಲಗ್ಗಿಗೆ ಕೈ ಹಾಕಬೇಡಿ. ಈ ಎಚ್ಚರಿಕೆ ಸರಿಯಾದುದೇ. ಆದರೆ ಮಕ್ಕಳು ಇದರಿಂದ ನಾವು ಹೇಳದ ಇನ್ನೊಂದು ತೀರ್ಮಾನವನ್ನೂ ತೆಗೆದುಕೊಂಡು ಹೋಗುತ್ತಾರೆ: ಗೋಡೆಯಿಂದ ಬರುವ ಕರೆಂಟು ಅಪಾಯ, ಬ್ಯಾಟರಿಯದು ಆಟದ ಸಾಮಾನು. ಈ ಪಾಠದ ಗುರಿ ಆ ಎರಡನೆಯ ತೀರ್ಮಾನವನ್ನು ತಿದ್ದುವುದು.

ಮನೆಯಲ್ಲಿರುವ ಮೂರು ವಸ್ತುಗಳನ್ನು ನೋಡೋಣ. ಚಿಕ್ಕ ರಿಮೋಟಿನೊಳಗಿನ ಬಟನ್ ಸೆಲ್ 3 ವೋಲ್ಟ್. ಬ್ಲೂಟೂತ್ ಸ್ಪೀಕರಿನ ಲಿಥಿಯಂ ಅಯಾನ್ ಕೋಶ ಸುಮಾರು 3.7 ವೋಲ್ಟ್. ಇನ್ವರ್ಟರ್ ಬ್ಯಾಟರಿ 12 ವೋಲ್ಟ್. ಒಣಗಿದ ಕೈಯಿಂದ ಮುಟ್ಟಿದರೆ ಇವುಗಳಲ್ಲಿ ಯಾವುದೂ ಶಾಕ್ ಹೊಡೆಯುವುದಿಲ್ಲ. ಆದರೂ ಮೊದಲನೆಯದು ಮಗುವಿನ ಗಂಟಲನ್ನು ಸುಡಬಲ್ಲದು, ಎರಡನೆಯದು ಹಾಸಿಗೆಗೆ ಬೆಂಕಿ ಹಚ್ಚಬಲ್ಲದು, ಮೂರನೆಯದು ಬಳೆ ತೊಟ್ಟ ಕೈಯನ್ನು ಕ್ಷಣದಲ್ಲಿ ಸುಡಬಲ್ಲದು.

ಬೆಳ್ತಂಗಡಿ ತಾಲೂಕಿನ ಶಾಲೆಗಳಲ್ಲಿ ಬೋಧನಾಭ್ಯಾಸ ಮಾಡುವವರಿಗೆ ಈ ಪಾಠ ಇನ್ನಷ್ಟು ಅಗತ್ಯ. ಘಟ್ಟದ ಬುಡದ ಊರುಗಳಿವು. ಮಳೆಗಾಲದಲ್ಲಿ ಮರ ಬಿದ್ದು ತಂತಿ ಕಡಿಯುವುದು, ಕರೆಂಟು ಹೋಗುವುದು ಇಲ್ಲಿ ವಾಡಿಕೆ. ಆದ್ದರಿಂದ ಇನ್ವರ್ಟರ್, ಟಾರ್ಚ್, ಚಾರ್ಜ್ ಆಗುವ ದೀಪಗಳು ಬಹಳ ಮನೆಗಳಲ್ಲಿವೆ. ಶಾಲೆ ಬಿಟ್ಟ ಮೇಲೆ ತಮ್ಮ, ತಂಗಿಯರನ್ನು ನೋಡಿಕೊಳ್ಳುವವರೂ ಏಳನೆಯ ತರಗತಿಯ ಮಕ್ಕಳೇ. ಅವರಿಗೆ ತಿಳಿದಿದ್ದರೆ ಮನೆಗೆ ತಿಳಿದಂತೆ.

ಕಲಿಕಾ ಉದ್ದೇಶಗಳು

ವಿದ್ಯಾರ್ಥಿಯು,
1. ಕಡಿಮೆ ವೋಲ್ಟಿನ ಕೋಶವೂ ಅಪಾಯಕಾರಿಯಾಗುವ ಮೂರು ಬಗೆಗಳನ್ನು (ರಾಸಾಯನಿಕ ಸುಡುವಿಕೆ, ಶಾಖ, ಅನಿಲ) ಉದಾಹರಣೆಯೊಂದಿಗೆ ವಿವರಿಸುವನು.
2. ಬಟನ್ ಸೆಲ್ ನುಂಗಿದ ಸಂದರ್ಭದಲ್ಲಿ ಮಾಡಬೇಕಾದುದನ್ನೂ ಮಾಡಬಾರದುದನ್ನೂ ಹೇಳುವನು.
3. ರೇಡಿಯೋ, ಸ್ಪೀಕರ್, ಆಂಪ್ಲಿಫೈಯರುಗಳನ್ನು ಬಳಸುವಾಗಿನ ಎಚ್ಚರಿಕೆಗಳಿಗೆ ಕಾರಣ ಕೊಡುವನು.

ಬೋಧನೋಪಕರಣಗಳು

ಅರಸಿನ ಕಾಗದದ ಪಟ್ಟಿಗಳು, ಉಪ್ಪುನೀರು, ಎರಡು ಬಟನ್ ಸೆಲ್ (ಸಿಆರ್ 2032), ಅಂಟುಪಟ್ಟಿ, ಎರಡು ಟಾರ್ಚ್ ಸೆಲ್, 10 ಸೆಂ.ಮೀ. ನಿಕ್ರೋಮ್ ತಂತಿ, ನಿಂಬೆಹಣ್ಣು, ಕೆಟ್ಟುಹೋದ ಹಳೆಯ ರೇಡಿಯೋ.

ಪೂರ್ವಜ್ಞಾನ

ಅರಸಿನ ಕಾಗದ ಪ್ರತ್ಯಾಮ್ಲದಲ್ಲಿ ಕೆಂಪಾಗುತ್ತದೆ ಎಂಬುದನ್ನು ಮಕ್ಕಳು ಆಮ್ಲ, ಪ್ರತ್ಯಾಮ್ಲಗಳ ಪಾಠದಲ್ಲಿ ಮಾಡಿ ನೋಡಿದ್ದಾರೆ. ಪ್ರವಾಹ ಹರಿದಾಗ ತಂತಿ ಬಿಸಿಯಾಗುತ್ತದೆ ಎಂಬುದೂ ಗೊತ್ತು. ಇಡೀ ಪಾಠ ನಿಲ್ಲುವುದು ಈ ಎರಡು ತಿಳಿವಳಿಕೆಗಳ ಮೇಲೆ.

ಮೊದಲನೆಯ ಅವಧಿ

ಪೀಠಿಕೆ: ಬಟನ್ ಸೆಲ್ಲನ್ನು ಅಂಗೈಯಲ್ಲಿಟ್ಟು ತೋರಿಸಿ. “ನನಗೆ ಶಾಕ್ ಹೊಡೆಯಿತೇ?” ಎಂದು ಕೇಳಿ. ಇಲ್ಲವೆನ್ನುತ್ತಾರೆ. “ಹಾಗಾದರೆ ಇದು ಅಪಾಯವಿಲ್ಲದ ವಸ್ತುವೇ?” ಎಂಬ ಪ್ರಶ್ನೆಯನ್ನು ಕಪ್ಪುಹಲಗೆಯಲ್ಲಿ ಬರೆಯಿರಿ. ಉತ್ತರವನ್ನು ಆಗಲೇ ಹೇಳಬೇಡಿ.

ಪ್ರಾತ್ಯಕ್ಷಿಕೆ 1 (ಶಿಕ್ಷಕರು ಮಾತ್ರ ಮಾಡತಕ್ಕದ್ದು): ಅರಸಿನ ಕಾಗದದ ಪಟ್ಟಿಯನ್ನು ಉಪ್ಪುನೀರಿನಲ್ಲಿ ಅದ್ದಿ, ಮಡಚಿ, ಬಟನ್ ಸೆಲ್ಲಿನ ಎರಡೂ ಮುಖಗಳಿಗೆ ತಾಗುವಂತೆ ಇಡಿ. ಇನ್ನೊಂದು ಸೆಲ್ಲಿನ ಎರಡೂ ಮುಖ ಹಾಗೂ ಅಂಚನ್ನು ಅಂಟುಪಟ್ಟಿಯಿಂದ ಪೂರ್ತಿ ಮುಚ್ಚಿ, ಅದನ್ನೂ ಹಾಗೆಯೇ ಇಡಿ. ಕೆಲವು ನಿಮಿಷ ಬಿಟ್ಟು ಕಾಗದ ಬಿಡಿಸಿ ತೋರಿಸಿ. ಮೊದಲನೆಯ ಸೆಲ್ಲಿನ ಋಣ ಮುಖ, ಅಂದರೆ + ಗುರುತಿಲ್ಲದ ಚಿಕ್ಕ ಮುಖ, ತಾಗಿದ ಜಾಗ ಕೆಂಪಾಗಿರುತ್ತದೆ. ಅಂಟುಪಟ್ಟಿ ಸುತ್ತಿದ ಸೆಲ್ಲಿನ ಕಾಗದ ಹಳದಿಯಾಗಿಯೇ ಉಳಿದಿರುತ್ತದೆ.

ಈಗ ಪ್ರಶ್ನೆಗಳು: ಕಾಗದ ಕೆಂಪಾದುದರಿಂದ ಅಲ್ಲಿ ಏನು ಉಂಟಾಗಿದೆ? (ಪ್ರತ್ಯಾಮ್ಲ.) ನಾವು ಹಾಕಿದ್ದು ಉಪ್ಪುನೀರು ತಾನೇ, ಪ್ರತ್ಯಾಮ್ಲ ಎಲ್ಲಿಂದ ಬಂತು? (ಪ್ರವಾಹ ಹರಿದು ನೀರೇ ವಿಭಜನೆಗೊಂಡಿತು.) ಸೆಲ್ಲಿನ ಒಳಗಿನ ದ್ರವ ಸೋರಿದ್ದರಿಂದ ಕೆಂಪಾಯಿತು ಎಂದು ಕೆಲವರು ಹೇಳಬಹುದು. ಸೆಲ್ ಒಡೆದಿಲ್ಲ, ಸೋರಿಲ್ಲ ಎಂಬುದನ್ನು ಒರೆಸಿ ತೋರಿಸಿ. ಕೊನೆಯ ಪ್ರಶ್ನೆ: ಉಪ್ಪುನೀರಿನಿಂದ ಒದ್ದೆಯಾದ ಜಾಗ ನಮ್ಮ ದೇಹದಲ್ಲಿ ಎಲ್ಲಿದೆ? ಬಾಯಿ, ಮೂಗು, ಗಂಟಲು ಎಂಬ ಉತ್ತರ ಮಕ್ಕಳಿಂದಲೇ ಬರಬೇಕು.

ವಿವರಣೆ: ಸಿಆರ್ 2032 ಎಂಬ ಹೆಸರಿನಲ್ಲೇ ಅಳತೆಯಿದೆ: 20 ಮಿ.ಮೀ. ಅಗಲ, 3.2 ಮಿ.ಮೀ. ದಪ್ಪ. ಚಿಕ್ಕ ಮಗುವಿನ ಅನ್ನನಾಳದಲ್ಲಿ ಸಿಕ್ಕಿಕೊಳ್ಳಲು ಈ ಅಗಲ ಸಾಕು. ಸಿಕ್ಕಿಕೊಂಡರೆ ಎರಡು ಗಂಟೆಯೊಳಗೇ ಅಲ್ಲಿನ ಅಂಗಾಂಶ ತೀವ್ರವಾಗಿ ಸುಡಬಹುದು. ರಿಮೋಟಿಗೆ ಸಾಲದ ಸತ್ತ ಸೆಲ್ಲಿನಲ್ಲಿಯೂ ಇಷ್ಟು ಮಾಡುವ ಶಕ್ತಿ ಉಳಿದಿರುತ್ತದೆ. ಜಾತ್ರೆಯ ಸಂತೆಯಲ್ಲಿ ಕೊಂಡ ಮಿನುಗುವ ಆಟಿಕೆ, ಹಾಡುವ ಶುಭಾಶಯ ಪತ್ರ, ಆಟಿಕೆ ಗಡಿಯಾರಗಳ ಮುಚ್ಚಳಕ್ಕೆ ಸ್ಕ್ರೂ ಇದೆಯೇ ಎಂದು ನೋಡಲು ಹೇಳಿ.

ನುಂಗಿದೆಯೆಂಬ ಸಂಶಯ ಬಂದರೂ ಸಾಕು, ಕಾಯಬಾರದು. ವಾಂತಿ ಮಾಡಿಸಬಾರದು. ಅನ್ನ, ಬಾಳೆಹಣ್ಣು ತಿನ್ನಿಸಿ ಕೆಳಗಿಳಿಸಲು ನೋಡಬಾರದು. 108ಕ್ಕೆ ಕರೆ ಮಾಡಿ, ಎಕ್ಸ್-ರೇ ಮತ್ತು ಎಂಡೋಸ್ಕೋಪಿ ಸೌಲಭ್ಯವಿರುವ ಆಸ್ಪತ್ರೆಗೆ ಕೂಡಲೇ ಹೊರಡಬೇಕು. ಧರ್ಮಸ್ಥಳದಿಂದ ಮಂಗಳೂರಿಗೆ ಸುಮಾರು 75 ಕಿ.ಮೀ. ಶಿಶಿಲ, ನೆರಿಯದಂಥ ಒಳಹಳ್ಳಿಗಳಿಂದ ಮುಖ್ಯರಸ್ತೆಗೆ ಬರಲೇ ಸಮಯ ಬೇಕು. ಎರಡು ಗಂಟೆ ಎಂಬುದು ನಮ್ಮ ಊರಿನಲ್ಲಿ ಎಷ್ಟು ಕಡಿಮೆ ಎಂಬುದನ್ನು ಮಕ್ಕಳೇ ಲೆಕ್ಕ ಹಾಕಲಿ. ಒಂದು ವರ್ಷ ದಾಟಿದ ಮಗುವಾಗಿದ್ದು, ನುಂಗಲು ಕಷ್ಟಪಡದಿದ್ದರೆ, ದಾರಿಯಲ್ಲಿ 10 ನಿಮಿಷಕ್ಕೊಮ್ಮೆ ಎರಡು ಟೀ ಚಮಚ ಜೇನು, ಹೆಚ್ಚೆಂದರೆ ಆರು ಸಲ, ಕೊಡಬಹುದೆಂದು ವೈದ್ಯಕೀಯ ಮಾರ್ಗಸೂಚಿಯಿದೆ. ಜೇನು ಸುಡುವಿಕೆಯ ವೇಗವನ್ನು ತಗ್ಗಿಸುತ್ತದೆ ಅಷ್ಟೆ, ಅದು ಚಿಕಿತ್ಸೆಯಲ್ಲ. ಜೇನು ಹುಡುಕುತ್ತ ಹೊರಡುವುದನ್ನು ತಡಮಾಡಬಾರದು. ಒಂದು ವರ್ಷದೊಳಗಿನ ಮಗುವಿಗೆ ಜೇನು ಕೊಡಲೇಬಾರದು.

ಎರಡನೆಯ ಅವಧಿ

ಪೀಠಿಕೆ: ಮನೆಯಲ್ಲಿ ಹಾಡು, ಯಕ್ಷಗಾನ, ವಾರ್ತೆ ಕೇಳಲು ಏನೇನಿದೆ ಎಂದು ಕೇಳಿ ಪಟ್ಟಿ ಮಾಡಿ. ಆಕಾಶವಾಣಿಯ ಮಂಗಳೂರು ಕೇಂದ್ರ ಆರಂಭವಾದದ್ದು 1976ರಲ್ಲಿ. ಆ ಕಾಲದ ರೇಡಿಯೋದಿಂದ ಅಜ್ಜನ ಟೇಪ್ ರೆಕಾರ್ಡರ್, ಅಪ್ಪನ ಹೋಮ್ ಥಿಯೇಟರ್, ಅಣ್ಣನ ಬ್ಲೂಟೂತ್ ಸ್ಪೀಕರಿನವರೆಗೆ ಎಲ್ಲವೂ ಪಟ್ಟಿಯಲ್ಲಿ ಬರಬಹುದು. ಪ್ರತಿಯೊಂದರ ಎದುರು ಅದಕ್ಕೆ ವಿದ್ಯುತ್ ಎಲ್ಲಿಂದ ಬರುತ್ತದೆ ಎಂದು ಬರೆಸಿ: ಶುಷ್ಕಕೋಶ, ಚಾರ್ಜ್ ಆಗುವ ಕೋಶ, ಇಲ್ಲವೇ 230 ವೋಲ್ಟ್ ಮನೆ ಸಂಪರ್ಕ.

ಪ್ರಾತ್ಯಕ್ಷಿಕೆ 2: ನಿಕ್ರೋಮ್ ತಂತಿಯನ್ನು ಮೊದಲು ಒಂದು ಸೆಲ್ಲಿಗೆ, ನಂತರ ಸರಣಿಯಲ್ಲಿ ಎರಡು ಸೆಲ್ಲಿಗೆ ಕೆಲವೇ ಸೆಕೆಂಡು ಜೋಡಿಸಿ. ಬಿಸಿ ಹೆಚ್ಚುವುದನ್ನು ತೋರಿಸಿ. ತಂತಿಯನ್ನು ಮುಟ್ಟಲು ಬಿಡಬೇಡಿ. ಇಲ್ಲಿಂದ ಹ್ರಸ್ವಮಂಡಲದ ಪರಿಕಲ್ಪನೆಗೆ ಬನ್ನಿ: ಎರಡು ತುದಿಗಳ ನಡುವೆ ರೋಧವೇ ಇಲ್ಲದ ದಾರಿ ಸಿಕ್ಕಿದರೆ ಪ್ರವಾಹ ವಿಪರೀತವಾಗುತ್ತದೆ, ಶಾಖವೂ ವಿಪರೀತವಾಗುತ್ತದೆ.

ಪ್ರಶಿಕ್ಷಣಾರ್ಥಿಯ ತಿಳಿವಳಿಕೆಗೆ ಒಂದು ಲೆಕ್ಕ. ಒಣಗಿದ ಕೈಯ ರೋಧ 50,000 ಓಮ್ ಎಂದು ಹಿಡಿದರೆ, 12 ವೋಲ್ಟಿನ ಇನ್ವರ್ಟರ್ ಬ್ಯಾಟರಿ ಅದರಲ್ಲಿ ಹರಿಸುವುದು 0.24 ಮಿಲಿಆಂಪಿಯರ್. ಅದು ಗೊತ್ತೂ ಆಗದು. ಅದೇ ಬ್ಯಾಟರಿಯ ಎರಡು ತುದಿಗಳ ನಡುವೆ ಸ್ಪ್ಯಾನರ್ ಅಥವಾ ಲೋಹದ ಬಳೆ ಬಿದ್ದು, ಒಳರೋಧವೂ ಸೇರಿ 0.01 ಓಮ್ ಮಾತ್ರ ಉಳಿದರೆ 1,200 ಆಂಪಿಯರ್! ವೋಲ್ಟ್ ಬದಲಾಗಲಿಲ್ಲ, ದಾರಿ ಬದಲಾಯಿತು. ಏಳನೆಯ ತರಗತಿಗೆ ಈ ಗಣಿತ ಬೇಡ. ಆದರೆ “12 ವೋಲ್ಟ್ ಅಷ್ಟೇ ಅಲ್ಲವೇ ಟೀಚರ್?” ಎಂಬ ಪ್ರಶ್ನೆ ಬಂದಾಗ ನಿಮ್ಮ ಉತ್ತರದ ಹಿಂದೆ ಇದು ಇರಬೇಕು.

ಚರ್ಚೆಯ ಅಂಶಗಳು (ಪ್ರತಿಯೊಂದಕ್ಕೂ “ಏಕೆ?” ಎಂದು ಕೇಳಿ):

ರೇಡಿಯೋ ಮತ್ತು ಟಾರ್ಚ್: ಹಳೆಯ ಮತ್ತು ಹೊಸ ಸೆಲ್ಲುಗಳನ್ನು ಬೆರೆಸಬಾರದು. ಹೊಸವು ದುರ್ಬಲವಾದದ್ದರ ಮೂಲಕ ಪ್ರವಾಹವನ್ನು ಒತ್ತಾಯದಿಂದ ಹರಿಸಿ, ಅದು ಸೋರುವಂತೆ ಮಾಡುತ್ತವೆ. ತಿಂಗಳುಗಟ್ಟಲೆ ಬಳಸದಿದ್ದರೆ ಸೆಲ್ ತೆಗೆದಿಡಬೇಕು. ಹಳೆಯ ರೇಡಿಯೋದಲ್ಲಿ ಬಿಳಿ ಪುಡಿ ಕಂಡರೆ ಒದ್ದೆ ಅರಸಿನ ಕಾಗದ ತಾಗಿಸಿ ನೋಡಿ. ಕೆಂಪಾದರೆ ಅದು ಆಲ್ಕಲೈನ್ ಸೆಲ್ಲಿನ ಪ್ರತ್ಯಾಮ್ಲ. ಕೈಗವಸು ಹಾಕಿ ಒರೆಸಿ, ಹತ್ತಿಯಲ್ಲಿ ಒಂದೆರಡು ಹನಿ ನಿಂಬೆರಸ ತೆಗೆದು ಶುಚಿ ಮಾಡಬಹುದು. ತಟಸ್ಥೀಕರಣಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಸಿಗಲಾರದು.

ಬ್ಲೂಟೂತ್ ಸ್ಪೀಕರ್: ಹಾಸಿಗೆ, ದಿಂಬಿನ ಮೇಲಿಟ್ಟು ಚಾರ್ಜ್ ಮಾಡಬಾರದು, ಶಾಖ ಹೊರಹೋಗುವುದಿಲ್ಲ. ಉಬ್ಬಿದ, ಜಜ್ಜಿದ, ನೀರಿಗೆ ಬಿದ್ದ ಲಿಥಿಯಂ ಕೋಶವನ್ನು ಚಾರ್ಜ್ ಮಾಡಲೂಬಾರದು, ಚುಚ್ಚಲೂಬಾರದು.

ಇನ್ವರ್ಟರ್: ಚಾರ್ಜ್ ಆಗುವಾಗ ಜಲಜನಕ ಹೊರಬರುತ್ತದೆ. ಗಾಳಿಯಲ್ಲಿ ಅದು ಶೇ. 4ರಷ್ಟಾದರೂ ಕಿಡಿ ತಾಗಿದರೆ ಹೊತ್ತಿಕೊಳ್ಳುತ್ತದೆ. ಆದ್ದರಿಂದ ಗಾಳಿಯಾಡುವ ಜಾಗದಲ್ಲಿಡಬೇಕು, ಹತ್ತಿರ ದೀಪ, ಊದುಬತ್ತಿ ಹಚ್ಚಬಾರದು. ನೀರು ತುಂಬಿಸುವುದು ದೊಡ್ಡವರ ಕೆಲಸ. ಒಳಗಿರುವುದು ಗಂಧಕಾಮ್ಲ, ಕಣ್ಣಿಗೆ ಸಿಡಿದರೆ ಕನಿಷ್ಠ 15 ನಿಮಿಷ ಶುದ್ಧ ನೀರಿನಿಂದ ತೊಳೆಯುತ್ತ ಆಸ್ಪತ್ರೆಗೆ ಹೋಗುವ ಏರ್ಪಾಡು ಮಾಡಬೇಕು.

ಆಂಪ್ಲಿಫೈಯರ್ ಮತ್ತು ಹೋಮ್ ಥಿಯೇಟರ್: ಪ್ಲಗ್ ತೆಗೆದ ಮೇಲೂ ಒಳಗಿನ ಕೆಪಾಸಿಟರುಗಳಲ್ಲಿ ವಿದ್ಯುದಾವೇಶ ಉಳಿದಿರುತ್ತದೆ. “ಕರೆಂಟು ತೆಗೆದಿದ್ದೇನೆ” ಎಂಬುದು ಮುಚ್ಚಳ ಬಿಚ್ಚಲು ಕಾರಣವಲ್ಲ. ಮೂರು ಪಿನ್ನಿನ ಪ್ಲಗ್ಗಿನ ದಪ್ಪ ಪಿನ್ ಮುರಿಯಬಾರದು, ಅದು ಭೂಸಂಪರ್ಕ. ಎರಡು 8 ಓಮ್ ಸ್ಪೀಕರುಗಳನ್ನು ಸಮಾಂತರವಾಗಿ ಜೋಡಿಸಿದರೆ 4 ಓಮ್ ಆಗಿ ಪ್ರವಾಹ ಇಮ್ಮಡಿಸುತ್ತದೆ. ಸಾಧನದ ಹಿಂಬದಿಯಲ್ಲಿ ಬರೆದ ಓಮ್ ಸಂಖ್ಯೆಗಿಂತ ಕಡಿಮೆಯಾದರೆ ಅದು ಸುಟ್ಟೀತು.

ಗುಡುಗು ಸಿಡಿಲು: ಏಪ್ರಿಲ್, ಮೇ ಹಾಗೂ ಅಕ್ಟೋಬರ್, ನವೆಂಬರ್ ನಮ್ಮಲ್ಲಿ ಸಿಡಿಲಿನ ತಿಂಗಳುಗಳು. ಸ್ವಿಚ್ ಆರಿಸಿದರೆ ಸಾಲದು. ಗುಡುಗು ಹತ್ತಿರವಾಗುವ ಮೊದಲೇ ಪ್ಲಗ್ಗನ್ನೂ ಡಿಶ್ ಕೇಬಲನ್ನೂ ತೆಗೆಯಬೇಕು. ಸಿಡಿಲು ಶುರುವಾದ ಮೇಲೆ ಅವನ್ನು ಮುಟ್ಟಲು ಹೋಗಬಾರದು. ತಂತಿ ಕಡಿದು ಬಿದ್ದಿದ್ದರೆ ದೂರ ನಿಂತು ಮೆಸ್ಕಾಂನ 1912ಕ್ಕೆ ಕರೆ ಮಾಡಬೇಕು.

ಕಪ್ಪುಹಲಗೆ ಸಾರಾಂಶ

ಒದ್ದೆ ಜಾಗ + ಬಟನ್ ಸೆಲ್ = ಪ್ರತ್ಯಾಮ್ಲ, ಸುಡುವಿಕೆ.
ರೋಧವಿಲ್ಲದ ದಾರಿ = ವಿಪರೀತ ಪ್ರವಾಹ, ಬೆಂಕಿ.
ಚಾರ್ಜ್ ಆಗುವ ಇನ್ವರ್ಟರ್ = ಜಲಜನಕ, ಕಿಡಿ ಬೇಡ.

ಮೌಲ್ಯಮಾಪನ

1. ಅಂಟುಪಟ್ಟಿ ಸುತ್ತಿದ ಸೆಲ್ಲಿನ ಕಾಗದ ಏಕೆ ಕೆಂಪಾಗಲಿಲ್ಲ?
2. ತಂಗಿ ಬಟನ್ ಸೆಲ್ ನುಂಗಿದಳೆಂಬ ಸಂಶಯವಿದೆ. ಅಜ್ಜಿ “ಬಾಳೆಹಣ್ಣು ಕೊಡು, ಸರಿಹೋಗುತ್ತದೆ” ಎನ್ನುತ್ತಾರೆ. ನೀನು ಅಜ್ಜಿಗೆ ಏನು ಹೇಳುವೆ?
3. ಇನ್ವರ್ಟರ್ ಬ್ಯಾಟರಿಯ ಮೇಲೆ ಕಬ್ಬಿಣದ ಸಾಮಾನು ಇಡಬಾರದೇಕೆ?

ಎರಡನೆಯ ಪ್ರಶ್ನೆಗೆ ಬಾಯಿಮಾತಿನ ಉತ್ತರ ಪಡೆಯಿರಿ. ಮನೆಯಲ್ಲಿ ತುಳು, ಬ್ಯಾರಿ ಅಥವಾ ಕೊಂಕಣಿ ಆಡುವ ಮಗು ಅಜ್ಜಿಗೆ ಆ ಭಾಷೆಯಲ್ಲೇ ಹೇಳಬೇಕಾದೀತು. ತರಗತಿಯಲ್ಲಿಯೂ ಹಾಗೆಯೇ ಹೇಳಲಿ.

ಗೃಹಪಾಠ

ಹಿರಿಯರೊಬ್ಬರ ಜೊತೆಗೂಡಿ, ಯಾವುದನ್ನೂ ಬಿಚ್ಚದೆ, ಮನೆಯಲ್ಲಿರುವ ಬ್ಯಾಟರಿ ಸಾಧನಗಳ ಪಟ್ಟಿ ಮಾಡುವುದು: ಸಾಧನ, ಕೋಶದ ಬಗೆ, ಮುಚ್ಚಳಕ್ಕೆ ಸ್ಕ್ರೂ ಇದೆಯೇ, ಚಿಕ್ಕ ಮಕ್ಕಳ ಕೈಗೆ ಎಟಕುತ್ತದೆಯೇ.

ಪ್ರಶಿಕ್ಷಣಾರ್ಥಿಗಳಿಗೆ ಸೂಚನೆ

ತರಗತಿಗೆ ಒಯ್ದ ಸೆಲ್ಲುಗಳನ್ನು ಎಣಿಸಿ ಒಯ್ಯಿರಿ, ಎಣಿಸಿ ತನ್ನಿ. ಬಟನ್ ಸೆಲ್ಲುಗಳನ್ನು ಮಕ್ಕಳ ಕೈಗೆ ಕೊಡಬೇಡಿ. ಲಿಥಿಯಂ ಕೋಶ ಮತ್ತು ಇನ್ವರ್ಟರ್ ಬ್ಯಾಟರಿಯ ಹ್ರಸ್ವಮಂಡಲವನ್ನು ಮಾತಿನಲ್ಲಿ ಮಾತ್ರ ವಿವರಿಸಿ. ಯಾವ ಸೆಲ್ಲನ್ನೂ ಒಡೆದು ತೋರಿಸಬೇಡಿ, ಬೆಂಕಿಗೆ ಹಾಕಬೇಡಿ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಬಳಸಿದ ಬ್ಯಾಟರಿಯನ್ನು ಬೇರೆ ಕಸದೊಂದಿಗೆ ಬೆರೆಸದೆ ಪ್ರತ್ಯೇಕವಾಗಿ ಕೊಡಬೇಕು. ಪಾಠ ಮುಗಿದ ದಿನವೇ ಆ ಎರಡು ಬಟನ್ ಸೆಲ್ಲುಗಳ ಎರಡೂ ಮುಖಕ್ಕೆ ಅಂಟುಪಟ್ಟಿ ಸುತ್ತಿ, ಮುಚ್ಚಳವಿರುವ ಡಬ್ಬಿಯಲ್ಲಿ ಹಾಕಿ, ಡಬ್ಬಿಯನ್ನು ಪ್ರಯೋಗಾಲಯದ ಬೀಗವಿರುವ ಕಪಾಟಿನಲ್ಲಿಡಿ. ಅಂಟುಪಟ್ಟಿ ಏಕೆ ಎಂದು ಯಾರಾದರೂ ಕೇಳಿದರೆ, ಹಳದಿಯಾಗಿಯೇ ಉಳಿದ ಕಾಗದವನ್ನು ತೋರಿಸಿ.