ಆಪರೇಷನ್ ಆತು, ಮುಂದಿನ ಆರು ವಾರ ಜೋಡಿ ಯಾರದಾರ?

ಧಾರವಾಡದ ಸಪ್ತಾಪುರದ ಪಿ.ಜಿ.ಗಳಲ್ಲಿ ಆಪರೇಷನ್ ಮುಂದೂಡಿಕೊಂಡೇ ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುತ್ತಿರುವ ಹುಡುಗ ಹುಡುಗಿಯರು ಕಡಿಮೆಯಿಲ್ಲ. ದೈಹಿಕ ಪರೀಕ್ಷೆಗೆಂದು ಓಡುವಾಗ ಮೊಣಕಾಲು ತಿರುಚಿ ಲಿಗಮೆಂಟ್ ಹರಿದುಕೊಂಡವರಿದ್ದಾರೆ. ಹರ್ನಿಯಾದ ಉಬ್ಬನ್ನು ಕೈಯಿಂದ ಒಳಗೆ ಒತ್ತಿ ಮತ್ತೆ ಪುಸ್ತಕ ಹಿಡಿಯುವವರಿದ್ದಾರೆ. ಪಿತ್ತಕೋಶದ ಕಲ್ಲಿನ ನೋವನ್ನು ಗ್ಯಾಸ್ಟ್ರಿಕ್ ಅಂದುಕೊಂಡು ಗುಳಿಗೆ ನುಂಗುವವರು, ಮೂಲವ್ಯಾಧಿಯನ್ನು ರೂಮ್‌ಮೇಟಿಗೂ ಹೇಳದವರು, ಗರ್ಭಕೋಶದ ಗಡ್ಡೆಯಿಂದ ತಿಂಗಳು ತಿಂಗಳು ರಕ್ತ ಹೋಗಿ ಬಿಳಿಚಿಕೊಂಡವರೂ ಇದ್ದಾರೆ. ಕೇಳಿದರೆ ಒಂದೇ ಉತ್ತರ: "ಎಕ್ಸಾಮ್ ಒಂದ್ ಮುಗೀಲಿ, ಆಮ್ಯಾಲೆ ಮಾಡಸ್ತೇನಿ."

ಆ ಎಕ್ಸಾಮ್ ಮುಗಿಯಬೇಕಲ್ಲ! 545 ಪಿಎಸ್‌ಐ ಹುದ್ದೆಗಳಿಗೆ 2021ರ ಅಕ್ಟೋಬರಿನಲ್ಲಿ ನಡೆದ ಪರೀಕ್ಷೆ ಅಕ್ರಮದಿಂದಾಗಿ ರದ್ದಾಯಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. 384 ಗೆಜೆಟೆಡ್ ಪ್ರೊಬೇಷನರಿ ಹುದ್ದೆಗಳ ಪೂರ್ವಭಾವಿ ಪರೀಕ್ಷೆ 2024ರ ಆಗಸ್ಟ್ 27ರಂದು ನಡೆದು, ಪ್ರಶ್ನೆಪತ್ರಿಕೆಯ ಅನುವಾದದ ತಪ್ಪುಗಳಿಂದಾಗಿ ಡಿಸೆಂಬರ್ 29ರಂದು ಮತ್ತೊಮ್ಮೆ ನಡೆಯಿತು. ಪರೀಕ್ಷೆಯ ದಿನಾಂಕ ಸರಿದ ಹಾಗೆಲ್ಲ ಆಪರೇಷನ್ನಿನ ದಿನಾಂಕವೂ ಸರಿಯುತ್ತ ಹೋಗುತ್ತದೆ.

ಕೊನೆಗೊಂದು ದಿನ ಆಪರೇಷನ್ ಆಗುತ್ತದೆ. ಆಗ ಗೆಳೆಯರ ಬಳಗ ಎಂಥದ್ದೆಂದರೆ, ಎರಡೇ ದಿನದಲ್ಲಿ ಫೋನ್‌ಪೇಯಲ್ಲಿ ಹಣ ಕೂಡುತ್ತದೆ, ವಾರ್ಡಿನ ಮುಂದೆ ಹತ್ತು ಬೈಕ್ ನಿಲ್ಲುತ್ತವೆ. ಹತ್ತನೇ ದಿನಕ್ಕೆ ಬಂದು ನೋಡಿ: ಆತ ರೂಮಿನಲ್ಲಿ ಒಬ್ಬನೇ. ನೀರಿನ ಬಾಟಲಿ ಕೈಗೆ ಎಟುಕುತ್ತಿಲ್ಲ, ಎಲ್ಲರೂ ಕ್ಲಾಸಿಗೆ ಹೋಗಿದ್ದಾರೆ. ಈ ಲೇಖನ ಮುಖ್ಯವಾಗಿ ಆ ಹತ್ತನೇ ದಿನದಿಂದ ಮುಂದಿನ ದಿನಗಳಿಗಾಗಿ.

ತಡವಾಗಿ ಆದ ಆಪರೇಷನ್ನಿನಿಂದ ಏಳುವುದೂ ನಿಧಾನ ಎಂಬುದು ಮೊದಲೇ ತಿಳಿದಿರಲಿ. ಲಿಗಮೆಂಟ್ ಹರಿದ ಕಾಲಿನ ತೊಡೆಯ ಸ್ನಾಯು ತಿಂಗಳುಗಟ್ಟಲೆ ಬಳಕೆಯಿಲ್ಲದೆ ಸೊರಗಿರುತ್ತದೆ. ರಕ್ತ ಹೋಗುತ್ತಿದ್ದವರಿಗೆ ಹಿಮೋಗ್ಲೋಬಿನ್ ಕಡಿಮೆ ಇರುತ್ತದೆ. ಹರ್ನಿಯಾ ದೊಡ್ಡದಾದಷ್ಟೂ ದುರಸ್ತಿಯೂ ದೊಡ್ಡದೇ. ಪಕ್ಕದ ಮಂಚದವರು ಎಂಟು ದಿನಕ್ಕೆ ಎದ್ದು ಓಡಾಡಿದರೆಂದು ನಿಮ್ಮ ಗೆಳೆಯನನ್ನು ಅವರಿಗೆ ಹೋಲಿಸಬೇಡಿ. "ಮೊದ್ಲs ಮಾಡಸಬೇಕಿತ್ತಪಾ" ಎಂಬ ಮಾತನ್ನಂತೂ ಯಾರೂ ಆಡಬಾರದು. ಆತ ಅದನ್ನು ದಿನಕ್ಕೆ ನೂರು ಸಲ ತನಗೆ ತಾನೇ ಹೇಳಿಕೊಂಡಿರುತ್ತಾನೆ.

ದಾಖಲಾಗುವ ಮೊದಲು: ಒಪ್ಪಿಗೆ, ಕಾರ್ಡು, ಲೆಕ್ಕ

ಯಾರಿಗೆ ಏನು ಹೇಳಬೇಕು ಎಂದು ಮೊದಲು ಗೆಳೆಯನನ್ನೇ, ಗೆಳತಿಯನ್ನೇ ಕೇಳಿ. ಮೂಲವ್ಯಾಧಿ, ಗರ್ಭಕೋಶದ ತೊಂದರೆ ಇಂಥವನ್ನು ಕೋಚಿಂಗ್ ಗ್ರೂಪಿಗೆಲ್ಲ ತಿಳಿಸಲು ಯಾರಿಗೂ ಮನಸ್ಸಿರುವುದಿಲ್ಲ. "ಹೊಟ್ಟೆಯ ಶಸ್ತ್ರಚಿಕಿತ್ಸೆ ಆಗಿದೆ, ಇಷ್ಟು ನೆರವು ಬೇಕು" ಎಂದರೆ ಸಾಕು. ಹಾಸಿಗೆಯಲ್ಲಿ ಮಲಗಿದ ಫೋಟೋ, ಆಧಾರ್ ಸಂಖ್ಯೆ ಕಾಣುವ ಕಾಗದ, ಡಿಸ್ಚಾರ್ಜ್ ಕಾರ್ಡು, ಇವು ಯಾವುವೂ ಗ್ರೂಪಿಗೆ ಹೋಗಬಾರದು.

ಚಂದಾ ಎತ್ತುವ ಮುಂಚೆ ಸರ್ಕಾರದ ಯೋಜನೆ ನೋಡಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್ ಕುಟುಂಬಕ್ಕೆ ಯೋಜನೆಯ ದರದ ಶೇ 30ರಷ್ಟು, 1.5 ಲಕ್ಷದ ಮಿತಿಯಲ್ಲಿ. ಇದು ನಗದುರಹಿತ ಯೋಜನೆಯಾದ್ದರಿಂದ ಕಾಗದಪತ್ರದ ಕೆಲಸ ದಾಖಲಾಗುವಾಗಲೇ ಆಗಬೇಕು. ಬಿಲ್ ಕಟ್ಟಿ ಮನೆಗೆ ಬಂದ ಮೇಲೆ ನೆನಪಾದರೆ ಪ್ರಯೋಜನವಿಲ್ಲ. ತುರ್ತು ಪ್ರಕರಣ ಬಿಟ್ಟರೆ ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಗೆ ಮೊದಲು ಹೋಗಬೇಕು. ಅಲ್ಲಿ ಆ ಚಿಕಿತ್ಸೆ ಇಲ್ಲದಿದ್ದರೆ ರೆಫರಲ್ ಪತ್ರ ಪಡೆದು ಯೋಜನೆಯಲ್ಲಿ ನೋಂದಾಯಿತವಾದ ಖಾಸಗಿ ಆಸ್ಪತ್ರೆಗೆ ಹೋಗಬಹುದು. ಧಾರವಾಡದವರಿಗೆ ಜಿಲ್ಲಾ ಆಸ್ಪತ್ರೆ ಹತ್ತಿರ, ಹುಬ್ಬಳ್ಳಿಯ ಕಿಮ್ಸ್ ಅರ್ಧ ಗಂಟೆಗಿಂತ ತುಸು ಹೆಚ್ಚಿನ ದಾರಿ. ವಿಚಾರಿಸಲು 104 ಅಥವಾ 14555ಕ್ಕೆ ಫೋನ್ ಮಾಡಿ. ಊರಲ್ಲಿ ತಂದೆ ಸಹಕಾರ ಸಂಘದ ಸದಸ್ಯರಾಗಿದ್ದರೆ ಯಶಸ್ವಿನಿ ಕಾರ್ಡಿದೆಯೇ ಎಂದೂ ಕೇಳಿ. 2018ರಲ್ಲಿ ನಿಂತಿದ್ದ ಆ ಯೋಜನೆ 2022-23ರಲ್ಲಿ ಮತ್ತೆ ಶುರುವಾಗಿದೆ. ಪಡಿತರ ಚೀಟಿ ಬಹುತೇಕ ಊರಲ್ಲೇ ಇರುತ್ತದೆ. ಅದನ್ನು ಬಸ್ಸಿಗೆ ಕೊಟ್ಟು ಕಳಿಸಲು ಮನೆಯವರಿಗೆ ಇವತ್ತೇ ಹೇಳಿ.

ಇಷ್ಟಾದ ಮೇಲೂ ಹಣ ಬೇಕೇ ಬೇಕು. ಯೋಜನೆಯಲ್ಲಿ ಬರದ ಖರ್ಚುಗಳು ತುಂಬ: ಊರಿಂದ ಬಂದವರ ಊಟ, ಆಟೋ, ಊರುಗೋಲು, ಮುಂದಿನ ತಿಂಗಳ ಪಿ.ಜಿ. ಬಾಡಿಗೆ, ಫಿಸಿಯೋಥೆರಪಿ. ಕೊನೆಯ ಎರಡನ್ನು ಲೆಕ್ಕಕ್ಕೆ ಹಿಡಿಯುವವರೇ ಕಡಿಮೆ. ಅವನ್ನೂ ಸೇರಿಸಿ ಒಂದು ಹಾಳೆಯಲ್ಲಿ ಬರೆದು, ಒಟ್ಟು ಎಷ್ಟೆಂದು ಹೇಳಿ ಕೇಳಿ. ಗುರಿ ಗೊತ್ತಿದ್ದರೆ ಕೊಡುವವರು ಧೈರ್ಯವಾಗಿ ಕೊಡುತ್ತಾರೆ. ಹಣ ಒಬ್ಬರ ಖಾತೆಗೆ ಬರಲಿ, ಲೆಕ್ಕ ಇನ್ನೊಬ್ಬರು ಬರೆಯಲಿ. ವಾರಕ್ಕೊಮ್ಮೆ ಬಂದದ್ದು, ಹೋದದ್ದು ಗ್ರೂಪಿಗೆ ತಿಳಿಸಿ. ಯಾರು ಎಷ್ಟು ಕೊಟ್ಟರೆಂಬ ಪಟ್ಟಿ ಮಾತ್ರ ಹಾಕಬೇಡಿ. ನೂರು ರೂಪಾಯಿ ಕೊಟ್ಟವನೂ ಅದೇ ಮೆಸ್ಸಿನಲ್ಲಿ ಉಣ್ಣುವವನು. ದೊಡ್ಡ ಮೊತ್ತವಾದರೆ ಆದಷ್ಟೂ ಆಸ್ಪತ್ರೆಗೇ ನೇರ ಕಟ್ಟಿ ರಸೀದಿ ಪಡೆಯಿರಿ. ಸಂಬಂಧಿಕರಲ್ಲದವರಿಂದ ಒಬ್ಬರಿಗೆ ಒಂದು ಹಣಕಾಸು ವರ್ಷದಲ್ಲಿ ಒಟ್ಟು 50,000 ರೂಪಾಯಿ ಮೀರಿ ಬಂದ ಹಣ ಆದಾಯ ತೆರಿಗೆಯ ಲೆಕ್ಕಕ್ಕೆ ಬರುತ್ತದೆ. ಹಾಗಾಗಿ ಮೊದಲೇ ಒಬ್ಬ ತೆರಿಗೆ ಸಲಹೆಗಾರರನ್ನು ಕೇಳಿಕೊಳ್ಳುವುದು ಒಳ್ಳೆಯದು. ಮೂಲ ಬಿಲ್ಲುಗಳನ್ನೆಲ್ಲ ಒಂದು ಫೈಲಿಗೆ ಹಾಕಿಡಿ. ಮುಖ್ಯಮಂತ್ರಿಗಳ ಪರಿಹಾರ ನಿಧಿಗೆ ಅರ್ಜಿ ಹಾಕುವುದಾದರೆ ಅವೇ ಬೇಕಾಗುತ್ತವೆ.

ರಕ್ತ ಬೇಕೆಂದರೆ 18ರಿಂದ 65 ವಯಸ್ಸಿನ, 45 ಕಿಲೋಗಿಂತ ಕಡಿಮೆಯಿಲ್ಲದ, ಹಿಮೋಗ್ಲೋಬಿನ್ 12.5 ಇರುವ ಆರೋಗ್ಯವಂತರು ಕೊಡಬಹುದು. ಬೆಳಿಗ್ಗೆ ಉಪವಾಸ ಹೋಗಬೇಡಿ, ನಾಷ್ಟಾ ಮಾಡಿಯೇ ಹೋಗಿ.

ರೂಮು ನೋಡಿ ಬನ್ನಿ

ಡಿಸ್ಚಾರ್ಜಿಗೆ ಎರಡು ದಿನ ಮೊದಲೇ ಆತನ ರೂಮಿಗೆ ಹೋಗಿ, ಆತ ಹೇಗೆ ಓಡಾಡಬೇಕಾಗುತ್ತದೋ ಹಾಗೆ ನೀವೇ ಓಡಾಡಿ ನೋಡಿ. ನಮ್ಮ ಓಣಿಗಳ ಎಷ್ಟೋ ಕಟ್ಟಡಗಳಲ್ಲಿ ರೂಮು ಮೂರನೇ ಮಹಡಿಯಲ್ಲಿರುತ್ತದೆ, ಲಿಫ್ಟ್ ಇರುವುದಿಲ್ಲ. ಮೆಟ್ಟಿಲು ಕಡಿದು, ಹಿಡಿಯಲು ಕಂಬಿ ಒಂದೇ ಬದಿಗೆ. ಮೇಲೆ ಹೋದರೆ ಆರು ಮಂದಿಗೆ ಒಂದೇ ಶೌಚಾಲಯ, ಅದೂ ಕುಕ್ಕರಗಾಲಲ್ಲಿ ಕೂರುವಂಥದ್ದು. ಮೊಣಕಾಲಿನ ಆಪರೇಷನ್ ಆದವರಿಗೆ ಹಾಗೆ ಕೂರುವುದು ಸಾಧ್ಯವೇ ಇಲ್ಲ; ಹೊಟ್ಟೆಗೆ ಹೊಲಿಗೆ ಬಿದ್ದವರಿಗೂ ಕಷ್ಟ. ಒಂದೆರಡು ತಿಂಗಳ ಮಟ್ಟಿಗೆ ನೆಲಮಹಡಿಯ ರೂಮಿನವರೊಂದಿಗೆ ಅದಲುಬದಲು ಮಾಡಿಕೊಡಲು ಮಾಲೀಕರನ್ನು ಕೇಳಿ. ಕಮೋಡ್ ಕುರ್ಚಿ ವೈದ್ಯಕೀಯ ಸಾಮಗ್ರಿ ಅಂಗಡಿಗಳಲ್ಲಿ ಸಿಗುತ್ತದೆ, ಬಾಡಿಗೆಗೆ ಕೊಡುತ್ತಾರೆಯೇ ಎಂದೂ ವಿಚಾರಿಸಿ. ಸ್ನಾನಕ್ಕೆ ಕೈಯಿರುವ ಪ್ಲಾಸ್ಟಿಕ್ ಕುರ್ಚಿ ಸಾಕು, ಅದರ ಕಾಲು ಜಾರದಂತೆ ಕೆಳಗೆ ರಬ್ಬರ್ ಮ್ಯಾಟ್ ಹಾಕಿ.

ನೀರಿನ ಮಾತು ಬೇರೆ. ನಳ ಬರುವ ದಿನ ಬ್ಯಾರೆಲ್ ತುಂಬುವುದು, ಬಕೆಟ್ ಎತ್ತುವುದು ನಮಗೆ ರೂಢಿ. ಹರ್ನಿಯಾ ಆಪರೇಷನ್ ಆದವರು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಭಾರ ಎತ್ತಬಾರದು. ತುಂಬಿದ ಬಕೆಟ್ಟೂ ಭಾರವೇ. ಆತ ಸಂಕೋಚದಿಂದ ತಾನೇ ಎತ್ತಿಬಿಡುವ ಮುಂಚೆ, ನಳ ಬರುವ ದಿನದ ಪಾಳಿ ಒಬ್ಬರ ಹೆಸರಿಗಿರಲಿ.

ಊರಿಂದ ತಾಯಿ ಬರುತ್ತಾರೆ. ಹುಡುಗರ ಪಿ.ಜಿ.ಯಲ್ಲಿ ರಾತ್ರಿ ಉಳಿಯಲು ಅವರಿಗೆ ಬಿಡುವುದಿಲ್ಲ. ಇದು ಯಾರಿಗೂ ಹೊಳೆಯದೆ, ಆ ತಾಯಿ ಬಸ್‌ಸ್ಟ್ಯಾಂಡಿನಲ್ಲಿ ರಾತ್ರಿ ಕಳೆಯುವ ಪ್ರಸಂಗ ಬರಬಾರದು. ಓದುವ ಹುಡುಗಿಯರ ರೂಮಿನಲ್ಲಿ, ಪರಿಚಯದ ಮನೆಯಲ್ಲಿ, ಇಲ್ಲವೇ ಮಾಲೀಕರ ಮನೆಯಲ್ಲೇ ಒಂದು ಹಾಸಿಗೆಯ ಜಾಗ ಮೊದಲೇ ಕೇಳಿಡಿ. "ಅಕ್ಕಾರ, ನಾಕ್ ದಿನ ಅಷ್ಟರೀ" ಎಂದು ಬಾಯಿಬಿಟ್ಟು ಕೇಳಿದರೆ ಧಾರವಾಡದ ಮನೆಗಳಲ್ಲಿ ಇಲ್ಲವೆನ್ನುವವರು ಕಡಿಮೆ.

ಡಿಸ್ಚಾರ್ಜ್ ದಿನ ಕೇಳಬೇಕಾದದ್ದು

ಆ ದಿನ ಬಿಲ್ಲಿನ ಗಡಿಬಿಡಿಯಲ್ಲಿ ವೈದ್ಯರ ಮಾತು ಯಾರ ಕಿವಿಗೂ ಸರಿಯಾಗಿ ಬೀಳುವುದಿಲ್ಲ. ಒಬ್ಬರು ಬಿಲ್ ನೋಡಿಕೊಳ್ಳಲಿ, ಇನ್ನೊಬ್ಬರು ವಹಿ ಹಿಡಿದು ವೈದ್ಯರ ಬಳಿ ನಿಲ್ಲಲಿ. ಹೊಲಿಗೆ ಬಿಚ್ಚುವುದು ಯಾವತ್ತು? ಗಾಯಕ್ಕೆ ನೀರು ಯಾವಾಗ ತಾಗಿಸಬಹುದು? ಎಷ್ಟು ಹೊತ್ತು ಕುಳಿತು ಓದಬಹುದು? ಯಾವ ಗುಳಿಗೆ ಪೂರ್ತಿ ಮುಗಿಸಬೇಕು, ಯಾವುದು ನೋವಿದ್ದಾಗ ಮಾತ್ರ? ರಾತ್ರಿ ತೊಂದರೆಯಾದರೆ ಯಾವ ನಂಬರಿಗೆ ಫೋನ್ ಮಾಡಬೇಕು? ಆಯುಷ್ಮಾನ್ ಯೋಜನೆಯಡಿ ದಾಖಲಾಗಿದ್ದರೆ, ಮನೆಗೆ ಬಂದ ನಂತರದ 15 ದಿನದ ಔಷಧ ಮತ್ತು ತಪಾಸಣೆಯೂ ಅದರಲ್ಲೇ ಸೇರಿದೆ. ಹೊರಡುವ ಮುಂಚೆ ಆಸ್ಪತ್ರೆಯ ಆರೋಗ್ಯಮಿತ್ರರನ್ನು ಅದರ ಬಗ್ಗೆ ಕೇಳಿ. ಉಳಿದ ಔಷಧಗಳಿಗೆ ಜನೌಷಧಿ ಕೇಂದ್ರ ನೋಡಿ.

ಮುಂದಿನ ತಪಾಸಣೆಗೆ ಹೋಗುವಾಗ ಬೈಕ್ ಬೇಡ. ಕಿಮ್ಸಿಗಾದರೆ ಜುಬಿಲಿ ಸರ್ಕಲ್ಲಿನವರೆಗೆ ಆಟೋ ಮಾಡಿಕೊಂಡು ಬಿಆರ್‌ಟಿಎಸ್‌ನ ಚಿಗರಿ ಬಸ್ ಹತ್ತಿ. ಪ್ಲಾಟ್‌ಫಾರ್ಮ್ ಬಸ್ಸಿನ ಮಟ್ಟಕ್ಕೇ ಇರುವುದರಿಂದ ಮೆಟ್ಟಿಲು ಹತ್ತುವ ಕಷ್ಟವಿಲ್ಲ, ಕಿಮ್ಸ್ ಬಳಿಯೇ ಇಳಿಯಬಹುದು. ಬೆಳಗಿನ ಕಾಲೇಜು ಗದ್ದಲದ ಹೊತ್ತು ತಪ್ಪಿಸಿ.

ಪಾಳಿ ಪಟ್ಟಿ

ನೆರವಿಗೆ ಬರುವವರದ್ದೇ ಒಂದು ಸಣ್ಣ ವಾಟ್ಸ್ಯಾಪ್ ಗ್ರೂಪ್ ಮಾಡಿ, ಆರೇಳು ಮಂದಿ ಸಾಕು. "ಏನರ ಬೇಕಾದ್ರ ಹೇಳಪಾ" ಎಂದರೆ ಯಾವ ರೋಗಿಯೂ ಹೇಳುವುದಿಲ್ಲ. "ಮಂಗಳವಾರ, ಶುಕ್ರವಾರ ಮಧ್ಯಾಹ್ನದ ಡಬ್ಬಿ ನಂದು" ಎನ್ನಿ. ಮೊದಲ ವಾರ ರಾತ್ರಿ ಒಬ್ಬರು ಅದೇ ರೂಮಿನಲ್ಲಿ ಮಲಗಬೇಕು. ಎರಡು, ಮೂರನೇ ವಾರದಲ್ಲಿ ಬೆಳಿಗ್ಗೆ ಸಂಜೆ ಒಬ್ಬೊಬ್ಬರು. ನಾಲ್ಕರಿಂದ ಆರನೇ ವಾರಕ್ಕೆ ಈಗಲೇ ಹೆಸರು ಬರೆಯಿಸಿ. ಆಗ ಬಳಗ ಚದುರಿರುತ್ತದೆ. ಯಾರದ್ದಾದರೂ ಪರೀಕ್ಷೆ ಹತ್ತಿರವಿದ್ದರೆ ಅವರಿಗೆ ಪಾಳಿ ಬೇಡ. ನೆರವು ಕೊಡುವವರ ಓದೂ ಮುಖ್ಯ.

ಊಟದ ವಿಷಯದಲ್ಲಿ ಹಿರಿಯರೊಂದಿಗೆ ಸ್ವಲ್ಪ ವಾದ ಮಾಡಬೇಕಾದೀತು. ನಂಜು ಆಗುತ್ತದೆಂದು ಬದನೆಕಾಯಿಯಿಂದ ಹಿಡಿದು ಬೇಳೆಯವರೆಗೆ ಎಲ್ಲ ಬಿಡಿಸಿ ಬರೀ ಗಂಜಿ ಕೊಡುವವರಿದ್ದಾರೆ. ಗಾಯ ಮಾಯಲು ಪ್ರೋಟೀನ್ ಬೇಕು. ವೈದ್ಯರು ಬೇರೆ ಪಥ್ಯ ಹೇಳಿರದಿದ್ದರೆ ಖಾನಾವಳಿಯ ಡಬ್ಬಿಯಲ್ಲೇ ಅದು ಸಿಗುತ್ತದೆ: ಮೆತ್ತನೆಯ ಜೋಳದ ರೊಟ್ಟಿ, ಮಡಕಿಕಾಳು ಇಲ್ಲವೇ ಹೆಸರುಕಾಳಿನ ಪಲ್ಯ, ಮೊಸರು, ತಿನ್ನುವವರಿಗೆ ತತ್ತಿ. ಖಾರ ಕಡಿಮೆ ಮಾಡಲು ಖಾನಾವಳಿಯವರಿಗೆ ಮೊದಲೇ ಹೇಳಿ. ಕೆಲವು ನೋವಿನ ಗುಳಿಗೆಗಳಿಂದ ಮಲಬದ್ಧತೆ ಆಗುತ್ತದೆ, ಅದಕ್ಕೆ ನೀರು, ಹಣ್ಣು, ಸೊಪ್ಪು ಇರಲಿ. ಗುಟ್ಕಾ, ಸಿಗರೇಟ್ ತಂದುಕೊಡುವ ಗೆಳೆಯರನ್ನು ಬಾಗಿಲಲ್ಲೇ ತಡೆಯಿರಿ. ತಂಬಾಕಿನಿಂದ ಗಾಯ ಮಾಯುವುದು ನಿಧಾನವಾಗುತ್ತದೆ.

ಹೊಟ್ಟೆಯ ಆಪರೇಷನ್ ಆದವರು ಕೆಮ್ಮಬೇಕಾದಾಗ ಹೆದರಿ ಕೆಮ್ಮು ನುಂಗುತ್ತಾರೆ. ಸಣ್ಣ ದಿಂಬೊಂದನ್ನು ಹೊಲಿಗೆಯ ಮೇಲೆ ಎರಡೂ ಕೈಯಿಂದ ಅಪ್ಪಿ ಹಿಡಿದು ಕೆಮ್ಮಲು ಹೇಳಿ, ನೋವು ಬಹಳ ಕಡಿಮೆಯಾಗುತ್ತದೆ. ಊರುಗೋಲು ಹಿಡಿದು ಮೆಟ್ಟಿಲು ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ಆಪರೇಷನ್ ಆದ ಕಾಲು ಮೊದಲು. ಇಳಿಯುವಾಗ ನೀವು ಒಂದು ಮೆಟ್ಟಿಲು ಕೆಳಗೆ, ಅವರ ಎದುರಿಗೆ ಇರಿ. ವೈದ್ಯರು ಅನುಮತಿ ಕೊಟ್ಟಷ್ಟು, ಪ್ರತಿದಿನವೂ ನಡೆಸಿ. ಮಲಗಿಯೇ ಇದ್ದರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವಿದೆ.

ಪಾಳಿಯವರೆಲ್ಲರಿಗೂ ಇಷ್ಟು ಗೊತ್ತಿರಬೇಕು: ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ, ಗಾಯ ಕೆಂಪಾಗಿ ಬಿಸಿಯಾದರೆ, ಕೀವು ಬಂದರೆ, ವಾಂತಿ ನಿಲ್ಲದಿದ್ದರೆ, ಒಂದು ಮೀನಖಂಡ ಮಾತ್ರ ಊದಿ ನೋಯುತ್ತಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ, ಎದೆ ನೋವು ಬಂದರೆ, ರಕ್ತ ನಿಲ್ಲದಿದ್ದರೆ ಯೋಚಿಸುತ್ತ ಕೂರದೆ 108ಕ್ಕೆ ಫೋನ್ ಮಾಡಿ.

ಮೂರನೇ ವಾರದ ಮಂಕು

ನೋವು ಇಳಿಯುವ ಹೊತ್ತಿಗೆ ಮನಸ್ಸು ಕುಸಿಯಬಹುದು. ಜೊತೆಯವರು ಟೆಸ್ಟ್ ಸಿರೀಸ್ ಬರೆಯುತ್ತಿರುತ್ತಾರೆ, ತಾನು ಚಾವಣಿ ನೋಡುತ್ತ ಮಲಗಿರುವುದು. ಆಗ ಹಣಕ್ಕಿಂತ ಪಕ್ಕದಲ್ಲಿ ಕೂತು ಪ್ರಚಲಿತ ವಿದ್ಯಮಾನ ಓದಿ ಹೇಳುವ ಒಬ್ಬರು ಬೇಕು. ಕ್ಲಾಸಿನ ನೋಟ್ಸ್ ಫೋಟೋ ತೆಗೆದು ಕಳಿಸುವುದಕ್ಕಿಂತ ನಿಮ್ಮ ದನಿಯಲ್ಲೇ ರೆಕಾರ್ಡ್ ಮಾಡಿ ಕಳಿಸಿ, ಮಲಗಿಯೇ ಕೇಳಬಹುದು. ಅರ್ಜಿಯ ಕೊನೆಯ ದಿನಾಂಕ, ಹಾಲ್ ಟಿಕೆಟ್ ಇವನ್ನು ನೋಡಿಕೊಳ್ಳಲು ಒಬ್ಬರನ್ನು ನೇಮಿಸಿ. ನಿದ್ದೆ, ಊಟ ಬಿಟ್ಟು ಸುಮ್ಮನಾಗಿಬಿಟ್ಟರೆ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿಸಿ. ಉಚಿತ, ಕನ್ನಡದಲ್ಲೇ ಮಾತಾಡಬಹುದು. ಧಾರವಾಡದಲ್ಲೇ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ.

ಓಟದ ಬಗ್ಗೆ ಒಂದು ಮಾತು. ಪೊಲೀಸ್ ಕಾನ್‌ಸ್ಟೆಬಲ್ ದೈಹಿಕ ಪರೀಕ್ಷೆಯಲ್ಲಿ ಹುಡುಗರು 1600 ಮೀಟರನ್ನು ಆರೂವರೆ ನಿಮಿಷದಲ್ಲಿ ಓಡಬೇಕು. ಲಿಗಮೆಂಟ್ ಜೋಡಿಸಿದ ಮೊಣಕಾಲು ಆಟೋಟಕ್ಕೆ ಮರಳಲು ಸುಮಾರು ಒಂಬತ್ತು ತಿಂಗಳಾದರೂ ಬೇಕು. ನಡುವೆ ಯಾವ ಅಧಿಸೂಚನೆ ಬಂದರೂ ವೈದ್ಯರು, ಫಿಸಿಯೋಥೆರಪಿಸ್ಟ್ ಹೂಂ ಅನ್ನದೆ ಆತನನ್ನು ಮೈದಾನಕ್ಕೆ ಕರೆಯಬೇಡಿ. ಫಿಸಿಯೋಥೆರಪಿಗೆ ಹಣ ಮುಗಿಯಿತೆಂದು ಆತ ಎರಡನೇ ತಿಂಗಳಿಗೇ ಬಿಟ್ಟುಬಿಡುವ ಸಾಧ್ಯತೆ ಹೆಚ್ಚು. ಆದ್ದರಿಂದ ಮೊದಲ ವಾರ ಕೂಡಿದ ಹಣದಲ್ಲಿ ಅದರ ಪಾಲನ್ನು ಬೇರೆ ತೆಗೆದಿಟ್ಟು, ಪ್ರತಿ ತಿಂಗಳು ಫಿಸಿಯೋಥೆರಪಿ ಕೇಂದ್ರಕ್ಕೇ ಕಟ್ಟುತ್ತ ಹೋಗಿ. ಕೊನೆಯ ಸೆಷನ್ ಮುಗಿದ ಮೇಲೆ ಉಳಿದದ್ದೆಷ್ಟೆಂದು ಗ್ರೂಪಿಗೆ ತಿಳಿಸಿ, ಅದನ್ನು ಏನು ಮಾಡೋಣವೆಂದು ಕೊಟ್ಟವರನ್ನೇ ಕೇಳಿ.