ತಾರತಮ್ಯದ ಕೇಸಿಗೆ ವಕೀಲರಾಗುವುದು ಹೇಗೆ?

ಬಸುರಿ ಎಂದು ಗೊತ್ತಾದ ಕೂಡಲೇ ರಾಜೀನಾಮೆ ಕೇಳುವ ಕಂಪನಿ, ಒಂದೇ ಕೆಲಸಕ್ಕೆ ಹೆಂಗಸರಿಗೆ ಕಡಿಮೆ ಕೂಲಿ ಕೊಡುವ ಕಾರ್ಖಾನೆ, ವಿಕಲಚೇತನರೆಂದು ಬಡ್ತಿ ತಪ್ಪಿಸುವ ಕಚೇರಿ. ಇಂಥ ಕೇಸುಗಳನ್ನೇ ನಡೆಸಬೇಕೆಂದಿರುವ ಕಾನೂನು ವಿದ್ಯಾರ್ಥಿಗಳು ಒಂದು ಸಂಗತಿಯನ್ನು ಮೊದಲೇ ತಿಳಿದಿರಬೇಕು. ಉದ್ಯೋಗದಲ್ಲಿನ ಎಲ್ಲ ಬಗೆಯ ತಾರತಮ್ಯವನ್ನೂ ತಡೆಯುವ ಒಂದೇ ಕಾಯ್ದೆ ನಮ್ಮ ದೇಶದಲ್ಲಿಲ್ಲ. ಹಾಗಾಗಿ ಕೋರ್ಟಿನಲ್ಲಿ ಗುಡುಗುವುದಕ್ಕಿಂತ, ಯಾರ ಬಾಗಿಲು ತಟ್ಟಬೇಕು, ಯಾವ ಕಾಗದ ಹಿಡಿದು ಹೋಗಬೇಕು ಎಂದು ಬಲ್ಲವರೇ ಇಲ್ಲಿ ಗೆಲ್ಲುವುದು.

ಓದು, ಸನ್ನದು

ಪಿಯುಸಿ ನಂತರವಾದರೆ ಐದು ವರ್ಷ, ಪದವಿಯ ನಂತರವಾದರೆ ಮೂರು ವರ್ಷ. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯ ಐದು ವರ್ಷದ ಕೋರ್ಸಿಗೆ ಕ್ಲ್ಯಾಟ್ ಪ್ರವೇಶ ಪರೀಕ್ಷೆ ಬರೆಯಬೇಕು. ರಾಜ್ಯದ ಹೆಚ್ಚಿನ ಕಾಲೇಜುಗಳು ಹುಬ್ಬಳ್ಳಿಯ ಕಾನೂನು ವಿಶ್ವವಿದ್ಯಾಲಯದ ಅಡಿಯಲ್ಲಿವೆ. ಎಲ್ಲಿ ಓದಿದರೂ ಕಾರ್ಮಿಕ ಕಾನೂನನ್ನು ಗೈಡ್ ನೋಡಿ ಮುಗಿಸಬೇಡಿ.

ಆಮೇಲೆ ರಾಜ್ಯ ವಕೀಲರ ಪರಿಷತ್ತಿನಲ್ಲಿ ನೋಂದಣಿ. ಇದಕ್ಕೆ ಸಾಮಾನ್ಯ ವರ್ಗದವರಿಂದ 750 ರೂಪಾಯಿ, ಪರಿಶಿಷ್ಟರಿಂದ 125 ರೂಪಾಯಿಗಿಂತ ಹೆಚ್ಚು ಶುಲ್ಕ ಪಡೆಯುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2024ರಲ್ಲಿ ಹೇಳಿದೆ. ಅಖಿಲ ಭಾರತ ವಕೀಲರ ಪರೀಕ್ಷೆಯನ್ನೂ ಪಾಸು ಮಾಡಬೇಕು.

ಮೊದಲು ಓದಬೇಕಾದ ಎರಡು ತೀರ್ಪು

ಒಂದು, ಕೊಡಗಿನ ಸಿ.ಬಿ. ಮುತ್ತಮ್ಮ ಅವರ 1979ರ ಪ್ರಕರಣ. ವಿದೇಶಾಂಗ ಸೇವೆಯ ಮಹಿಳೆ ಮದುವೆಯಾಗಲು ಸರ್ಕಾರದ ಅನುಮತಿ ಪಡೆಯಬೇಕೆಂಬ ನಿಯಮ ಆಗ ಇತ್ತು. ಅದೇ ಸೇವೆಯಲ್ಲಿದ್ದು ಬಡ್ತಿ ತಪ್ಪಿದ ಮುತ್ತಮ್ಮ ಸುಪ್ರೀಂ ಕೋರ್ಟಿಗೆ ಹೋದರು. ಕೇಸು ನಡೆಯುತ್ತಿರುವಾಗಲೇ ಸರ್ಕಾರ ಬಡ್ತಿ ಕೊಟ್ಟುಬಿಟ್ಟಿತು, ಅರ್ಜಿ ವಜಾ ಆಯಿತು. ಆದರೂ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಇಂಥ ನಿಯಮಗಳನ್ನು ತರಾಟೆಗೆ ತೆಗೆದುಕೊಂಡರು. ಎದುರಾಳಿ ಕೊನೇ ಗಳಿಗೆಯಲ್ಲಿ ಕೇಳಿದ್ದನ್ನು ಕೊಟ್ಟು ಕೇಸು ಮುಗಿಸುವ ಈ ತಂತ್ರ ಇಂದಿಗೂ ಚಾಲ್ತಿಯಲ್ಲಿದೆ. ಕಕ್ಷಿದಾರರಿಗೆ ಮೊದಲೇ ಹೇಳಿಟ್ಟಿರಿ. ಎರಡನೆಯದು 1987ರ ಮೆಕಿನ್ನಾನ್ ಮೆಕೆಂಜಿ ಪ್ರಕರಣ. ಮಹಿಳಾ ಸ್ಟೆನೋಗಳಿಗೆ ಪುರುಷರಷ್ಟೇ ಸಂಬಳ ಕೊಡಲು ಹಣವಿಲ್ಲ ಎಂಬ ಕಂಪನಿಯ ವಾದವನ್ನು ಕೋರ್ಟ್ ಒಪ್ಪಲಿಲ್ಲ.

2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಸಮಾನ ವೇತನ ಕಾಯ್ದೆ, ಹೆರಿಗೆ ಸೌಲಭ್ಯ ಕಾಯ್ದೆಗಳು ಅವುಗಳೊಳಗೆ ಸೇರಿಹೋದವು. ಹಾಗೆಂದು ಹಳೆಯ ಪುಸ್ತಕ ರದ್ದಿಗೆ ಹಾಕಬೇಡಿ, ಇದುವರೆಗಿನ ಹೆಚ್ಚಿನ ತೀರ್ಪುಗಳು ಹಳೆಯ ಕಲಮುಗಳ ಮೇಲೇ ನಿಂತಿವೆ.

ಯಾರ ಬಾಗಿಲು?

ಜೂನಿಯರ್ ಆಗಿ ಸೇರುವಾಗ ದೊಡ್ಡ ಹೆಸರನ್ನಲ್ಲ, ಕಾರ್ಮಿಕ ಮತ್ತು ಸೇವಾ ಪ್ರಕರಣಗಳ ಫೈಲು ತುಂಬಿರುವ ಸೀನಿಯರನ್ನು ಹುಡುಕಿ. ರಾಜ್ಯ ಸರ್ಕಾರಿ ನೌಕರರ ದೂರು ಆಡಳಿತ ನ್ಯಾಯಮಂಡಳಿಗೆ ಹೋಗುತ್ತದೆ. ಸರ್ಕಾರವಾದ್ದರಿಂದ ಸಂವಿಧಾನದ 14, 15, 16ನೇ ವಿಧಿಗಳು ನೆರವಿಗೆ ಬರುತ್ತವೆ. ಖಾಸಗಿ ಕಂಪನಿಯ ಮೇಲೆ ಇವನ್ನು ನೇರವಾಗಿ ಪ್ರಯೋಗಿಸುವುದು ಕಷ್ಟ. ಅಲ್ಲಿ ಕಾರ್ಮಿಕರಾದವರಿಗೆ ಕಾರ್ಮಿಕ ಇಲಾಖೆ, ನ್ಯಾಯಮಂಡಳಿಗಳ ದಾರಿಯಿದೆ. ಮ್ಯಾನೇಜರ್ ದರ್ಜೆಯವರಿಗೆ ಹೆಚ್ಚಾಗಿ ಉಳಿಯುವುದು ಸಿವಿಲ್ ಕೋರ್ಟು, ಇಲ್ಲವೇ ಒಂದು ಗಟ್ಟಿ ನೋಟಿಸು ಮತ್ತು ಮಾತುಕತೆ.

ಹೊಸಬರು ಬೆಚ್ಚಿಬೀಳುವ ವಿಷಯ ಇನ್ನೊಂದಿದೆ. ಕೆಲವು ಕಡೆ ವಕೀಲರಿಗೇ ಪ್ರವೇಶವಿಲ್ಲ. ಲೈಂಗಿಕ ಕಿರುಕುಳ ತಡೆ ಕಾಯ್ದೆಯ (2013) ಆಂತರಿಕ ಸಮಿತಿಯ ಮುಂದೆ ಯಾವ ಪಕ್ಷದವರೂ ವಕೀಲರನ್ನು ಕರೆತರುವಂತಿಲ್ಲ. ಕೈಗಾರಿಕಾ ವಿವಾದಗಳಲ್ಲೂ ಎದುರು ಪಕ್ಷದ ಒಪ್ಪಿಗೆ, ನ್ಯಾಯಪೀಠದ ಅನುಮತಿ ಎರಡೂ ಇದ್ದರಷ್ಟೇ ವಾದಿಸಬಹುದು. ಅಂದಮೇಲೆ ದೂರು ಬರೆದುಕೊಡುವುದು, ಯಾವ ಪ್ರಶ್ನೆ ಬರಬಹುದೆಂದು ಕಕ್ಷಿದಾರರನ್ನು ಸಜ್ಜುಗೊಳಿಸುವುದೇ ನಿಮ್ಮ ಅಸಲಿ ಕೆಲಸ. ಕಿರುಕುಳದ ದೂರಿಗೆ ಮೂರು ತಿಂಗಳ ಗಡುವಿದೆ; ತಕ್ಕ ಕಾರಣವಿದ್ದರೆ ಸಮಿತಿ ಇನ್ನು ಮೂರು ತಿಂಗಳು ಕೊಡಬಹುದು. ಗಡುವು ಮೀರಿ ಬಂದವರಿಗೆ ಕಾನೂನಿನ ಪಾಂಡಿತ್ಯ ತೋರಿಸಿ ಪ್ರಯೋಜನವಿಲ್ಲ.

ಕಾಗದ ಕೂಡಿಸಿ

“ಹೆಂಗಸೆಂದು ನಿನಗೆ ಬಡ್ತಿ ಕೊಡಲಿಲ್ಲ” ಎಂದು ಯಾವ ಬಾಸೂ ಬರೆದುಕೊಡುವುದಿಲ್ಲ. ಹೋಲಿಕೆಯಿಂದಲೇ ಅದನ್ನು ತೋರಿಸಬೇಕು. ಜೊತೆಗೆ ಸೇರಿದ ಸಹೋದ್ಯೋಗಿಯ ಸಂಬಳವೆಷ್ಟು, ಬಸುರಿ ಎಂದು ತಿಳಿಸುವ ಮೊದಲು ಬಂದ ಮೌಲ್ಯಮಾಪನ ಹೇಗಿತ್ತು, ನಂತರದ್ದು ಹೇಗಿದೆ? ಮೊದಲ ಭೇಟಿಯಲ್ಲೇ ನೇಮಕಾತಿ ಪತ್ರ, ಸಂಬಳದ ಚೀಟಿ, ಇಮೇಲ್, ವಾಟ್ಸ್ಆ್ಯಪ್ ಎಲ್ಲವನ್ನೂ ತಾರೀಖಿನ ಪ್ರಕಾರ ಜೋಡಿಸಿಕೊಳ್ಳಿ. ಕಂಪನಿಯ ಗುಟ್ಟಿನ ಕಡತಗಳನ್ನು ನಕಲು ಮಾಡಿ ತರುವಂತೆ ಮಾತ್ರ ಹೇಳಬೇಡಿ; ಅದೇ ಅವರನ್ನು ವಜಾ ಮಾಡಲು ನೆಪವಾದೀತು. ಒತ್ತಾಯಕ್ಕೆ ರಾಜೀನಾಮೆ ಬರೆದುಕೊಡಬಾರದು ಎಂಬುದನ್ನೂ ಅಂದೇ ಹೇಳಿಬಿಡಿ.

ಹೊಟ್ಟೆಪಾಡು

ಜೂನಿಯರುಗಳಿಗೆ ನಗರದಲ್ಲಿ ತಿಂಗಳಿಗೆ 20,000, ಹಳ್ಳಿ ಕಡೆ 15,000 ರೂಪಾಯಿಯಾದರೂ ಕೊಡಿ ಎಂದು ಭಾರತೀಯ ವಕೀಲರ ಪರಿಷತ್ತು 2024ರಲ್ಲಿ ಶಿಫಾರಸು ಮಾಡಿತು. ಶಿಫಾರಸಷ್ಟೇ, ಕಡ್ಡಾಯವಲ್ಲ! ಕಂಪನಿಗಳ ಪರ ನಿಂತರೆ ಹಣ ಬೇಗ ಬರುತ್ತದೆ. ಆರಂಭದಲ್ಲಿ ಎರಡೂ ಕಡೆಯ ಕೆಲಸ ನೋಡುವುದು ಒಳ್ಳೆಯದೇ, ಆದರೆ ಒಂದೇ ಕೇಸಿನ ಎರಡೂ ಕಡೆ ಅಲ್ಲ.

ವಕೀಲರು ಜಾಹೀರಾತು ಹಾಕಿ ಕೇಸು ಹುಡುಕುವಂತಿಲ್ಲ. ಗಾರ್ಮೆಂಟ್ ಕಾರ್ಮಿಕರ, ಪೌರಕಾರ್ಮಿಕರ ಸಂಘಗಳ ಸಭೆಗಳಿಗೆ ಹೋಗಿ ಹಕ್ಕುಗಳ ಬಗ್ಗೆ ಮಾತಾಡಿ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಪ್ಯಾನೆಲ್‌ಗೆ ಅರ್ಜಿ ಹಾಕಿ. ಮಹಿಳೆಯರು, ಪರಿಶಿಷ್ಟರು, ವಿಕಲಚೇತನರು, ಕೈಗಾರಿಕಾ ಕಾರ್ಮಿಕರು ಅಲ್ಲಿ ಉಚಿತ ನೆರವಿಗೆ ಅರ್ಹರು, ನಿಮ್ಮ ಫೀಸನ್ನು ಪ್ರಾಧಿಕಾರ ಕೊಡುತ್ತದೆ. ಅದು ಹೆಚ್ಚೇನಲ್ಲ. ಆದರೆ ನೀವು ಕಲಿಯಬೇಕೆಂದಿರುವ ಕೇಸುಗಳು ಅಲ್ಲಿಗೇ ಬರುತ್ತವೆ.